ಉಗುರುಬೆಚ್ಚಗಿನ ನೀರಲ್ಲಿ ಎಣ್ಣೆಮರಳು

ತೊಂಬತ್ತರ ದಶಕದ ನಡುವೆ ನಾನು ಸಿಂಗಪುರದ ಜುರಾಂಗ್ ವೆಸ್ಟ್ ಹತ್ತಿರದ ಒಂದು ಪುಟ್ಟ ಲ್ಯಾಬಿನಲ್ಲಿದ್ದೆ. ಕೆನಡಾದಿಂದ ಡ್ರಮ್ಮುಗಳಲ್ಲಿ ಬರುತ್ತಿದ್ದ, ಟಾರು ಮೆತ್ತಿದಂಥ ಮರಳನ್ನು ತೊಳೆದು ಎಣ್ಣೆ ಬೇರೆ ಮಾಡೋದು ನನ್ನ ಕೆಲಸ. ಎಲ್ಲರನ್ನೂ ಅಣಕಿಸೋದು ಉಪಕಸುಬು. ಹೆಸರು ಬಂದಿದ್ದು ಉಪಕಸುಬಿನಲ್ಲೇ.

ಕೆನಡಾದ ಗಣಿಯವರು ಸುಡುಸುಡು ನೀರಲ್ಲಿ ತೊಳೀತಿದ್ದರು. ಅದನ್ನು ಕಾಯಿಸೋಕೆ ಉರಿಸೋ ಗ್ಯಾಸು, ಬಿಡೋ ಹೊಗೆ ಕೇಳಬೇಡಿ. ಉಗುರುಬೆಚ್ಚಗಿದ್ದರೂ ಸಾಕು ಅಂತ ಹಟ ಹಿಡಿದವರು ನಮ್ಮ ಸೀನಿಯರ್, ಮೈಸೂರಿನವರು. ಅವರು ಒಂದು ವಾಕ್ಯ ಮುಗಿಸೋದರೊಳಗೆ ನಾವು ಕಾಫಿ ಕುಡಿದು ಬರಬಹುದಿತ್ತು. ಆವತ್ತು ಕೆನಡಾದ ಗಿರಾಕಿ ಬರೋನಿದ್ದ. ಮರಳು ಎಣ್ಣೆ ಬಿಡದಿದ್ದರೆ ಪ್ರಾಜೆಕ್ಟ್ ಕ್ಲೋಸ್, ಸಾರ್ ಗಂಟುಮೂಟೆ ಕಟ್ಟಬೇಕು.

ನಮ್ಮ ಜಾಡಿಯಲ್ಲೋ, ವಾರದಿಂದ ಬರೀ ರಾಡಿ.

ಸಾರ್ ಗಿರಾಕಿಯನ್ನು ಕರೆತರೋಕೆ ಹೋಗಿದ್ದರು. ಸಪ್ಪಗೆ ಕೂತಿದ್ದ ಚೀನೀ ಟೆಕ್ನೀಷಿಯನ್ ಆಂಟಿಯನ್ನು ನಗಿಸೋಣ ಅಂತ, ಕಲಕೋ ಮೋಟಾರನ್ನು ಸಾರ್ ಮಾತಿನ ಸ್ಪೀಡಿಗೆ ಇಳಿಸಿ, ಒಂದು ಸುತ್ತಿಗೆ ಒಂದು ಮಾತಿನಂತೆ ಶುರು ಹಚ್ಚಿಕೊಂಡೆ: "ನೋಡಯ್ಯಾ... ಮರಳು... ಅಂದರೆ..."

ಆಂಟಿ ನಗಲಿಲ್ಲ. ಜಾಡಿ ತೋರಿಸಿ ಕಿರುಚಿದಳು: "ಬ್ಲ್ಯಾಕ್ ಕಮಿಂಗ್ ಅಪ್ ಲಾ!"

ಎಣ್ಣೆ! ಕಪ್ಪಗೆ, ನೊರೆ ಕಟ್ಟಿಕೊಂಡು ಏಳ್ತಾ ಇದೆ! ಇಷ್ಟು ದಿನ ನಾವು ರಭಸದಿಂದ ಕಲಕಿ ಕಲಕಿ ಮರಳಲ್ಲಿದ್ದ ಜೇಡಿಮಣ್ಣನ್ನೂ ಎಬ್ಬಿಸಿ ಎಣ್ಣೆಗೆ ಅಂಟಿಸ್ತಿದ್ದೆವು, ಅಷ್ಟೇ.

"ಯಾರಯ್ಯಾ... ಅದು... ಮಾತಾಡ್ತಿದ್ದದ್ದು?"

ಬಾಗಿಲಲ್ಲಿ ಸಾರ್, ಹಿಂದೆ ಗಿರಾಕಿ. ಗಾಬರಿಗೆ ನನ್ನ ಕೈ ಮೋಟಾರಿನ ಸ್ಪೀಡು ತಿರುಗಣೆಯನ್ನು ಪೂರ್ತಿ ಏರಿಸಿಬಿಟ್ಟಿತು. ಜಾಡಿ ಮತ್ತೆ ರಾಡಿ.

"ನೀವೇ ಸಾರ್," ಅಂದೆ. "ಎಣ್ಣೆ ಬಂದಿತ್ತು ಸಾರ್, ದೇವರಾಣೆ."

"ಎಷ್ಟು ಸ್ಪೀಡು?"

ತಿರುಗಣೆಯ ಅಂಕಿಗಳು ಎಂದೋ ಸವೆದುಹೋಗಿದ್ದವು. "ನಿಮ್ಮ ಮಾತಿನಷ್ಟು."

ಬೈತಾರೆ ಅಂದುಕೊಂಡೆ. ಅವರು ಹೊಸ ಮರಳು ಸುರಿದು ಮುಂದೆ ನಿಂತರು. "ಮಾಡು... ನೋಡೋಣ."

ಮಾಡಿದೆ, ಬೆವರ್ತಾ. ಎದುರಿಗೇ ನಿಂತವರನ್ನು ಅಣಕಿಸುವಾಗ ನನ್ನಂಥ ಭಂಡನೂ ಅವಸರ ಮಾಡಿಬಿಟ್ಟ. ಸಾರ್ ತಲೆಯಾಡಿಸಿದರು: "ನಾನು ಇಷ್ಟು ಫಾಸ್ಟಾ? ಇನ್ನೂ ಇಳಿಸು." ಇಳಿಸಿದೆ. ಮಾತಿಗೊಂದು ಸುತ್ತು.

ಕಪ್ಪು ಎದ್ದಿತು!

ಗಿರಾಕಿ ಅಂಗಿಯ ತೋಳು ಮಡಚಿ, ನೊರೆಗೆ ಬೆರಳದ್ದಿ ಉಜ್ಜಿ ನೋಡಿದ. ಪ್ರಾಜೆಕ್ಟ್ ನಿಲ್ಲಿಸೋ ಮಾತೇ ಬೇಡ ಅಂದ. ಇನ್ನೂ ತಣ್ಣಗಿನ ನೀರಲ್ಲಿ ಆಗುತ್ತಾ ಅಂತ ಕೇಳಿದ.

ಸಾರ್ ಬಾಯಿ ತೆರೆಯೋದರೊಳಗೆ ನಾನು ಐಸ್ ತರೋಕೆ ತಿಂಡಿ ಅಂಗಡಿಗಳ ಹಾಕರ್ ಸೆಂಟರಿಗೆ ಓಡ್ತಿದ್ದೆ.