ತಳ್ಳಿದರೆ ತೆರೆಯುವ ಗೇಟು

ಸೂರ್ಯನಿಗೆ ಇನ್ನೂ ಒಂದು ಮಗ್ಗುಲು ನಿದ್ದೆ ಬಾಕಿ ಇದೆ. ರಾತ್ರಿಯೆಲ್ಲ ಬೊಗಳಿ ಸುಸ್ತಾದ ಬೀದಿನಾಯಿಗಳು ಈಗಷ್ಟೇ ಕಾಲು ಚಾಚಿವೆ. ಬಸ್ ಡಿಪೋದ ತಗಡಿನ ಗೇಟಿನ ಮುಂದೆ ಖಾಕಿ ಅಂಗಿಯ ಹೆಂಗಸೊಬ್ಬಳು ನಿಂತು ಸೊಂಟದಿಂದ ಬೀಗದ ಕೈಗೊಂಚಲು ತೆಗೆಯುತ್ತಾಳೆ. ಆ ಗೊಂಚಲು ಎಷ್ಟು ಭಾರವೆಂದರೆ, ಅದನ್ನು ಹೊತ್ತು ಹೊತ್ತು ಅವಳ ಬಲಗಡೆಯ ಸೊಂಟ ಎರಡು ಅಂಗುಲ ಇಳಿದಿದೆ ಎಂದು ಡಿಪೋದವರು ಆಣೆ ಇಟ್ಟು ಹೇಳುತ್ತಾರೆ. ಬೀಗ ತೆಗೆದು, ಎರಡೂ ಅಂಗೈಗಳನ್ನು ಗೇಟಿಗೆ ಊರಿ, ಉಸಿರು ಎಳೆದುಕೊಂಡು ತಳ್ಳುತ್ತಾಳೆ. ಗೇಟು ಈಯುವ ಎಮ್ಮೆಯ ಹಾಗೆ ಒರಲುತ್ತದೆ. ಅರ್ಧ ಬೀದಿಗೆ ಅದೇ ಅಲಾರಾಂ.

"ಅದಕ್ಕೊಂದು ತೊಟ್ಟು ಎಣ್ಣೆ ಬಿಡಬಾರದೇನಮ್ಮಾ?" ಎದುರು ಮನೆಯ ಕಿಟಕಿಯಿಂದ ಯಾರೋ ಗೊಣಗುತ್ತಾರೆ.

"ಬಿಡಲ್ಲ ಸ್ವಾಮೀ. ಕೂಗ್ಲಿ ಅದು. ತೆಗೆದಿದ್ದು ನಾನು ಅಂತ ಎಲ್ಲರಿಗೂ ಗೊತ್ತಾಗ್ಲಿ."

ಇವಳಿಗೆ ಡಿಪೋದಲ್ಲಿ ಬಾಗಿಲಮ್ಮ ಎಂದು ಹೆಸರು. ಹೆತ್ತವರು ಇಟ್ಟ ಹೆಸರು ಬೇರೆ, ಅದು ಲೈಸೆನ್ಸಿನ ಮೇಲೆ ಮಾತ್ರ ಇದೆ. ಊರಿನ ಮೊದಲ ಬಸ್ಸಿನ ಡ್ರೈವರು ಇವಳೇ. ಟೈರುಗಳಿಗೆ ಒಂದೊಂದು ಒದೆ ಕೊಟ್ಟು, ನೀರು, ಆಯಿಲ್ ನೋಡಿ, ಕನ್ನಡಿಯನ್ನು ಮಗುವಿನ ಮುಖ ಒರೆಸಿದ ಹಾಗೆ ಒರೆಸಿ ಸೀಟಿಗೆ ಹತ್ತುತ್ತಾಳೆ. ಸ್ಟೇರಿಂಗ್ ಪಕ್ಕದ ಗುಂಡಿ ಒತ್ತುತ್ತಾಳೆ. ಪುಸ್ ಎಂದು ಬಾಗಿಲು ತೆರೆಯುತ್ತದೆ. ಮತ್ತೆ ಒತ್ತುತ್ತಾಳೆ, ಮುಚ್ಚುತ್ತದೆ. ಯಾರೂ ಹತ್ತುವವರಿಲ್ಲದಿದ್ದರೂ ದಿನಾ ಹೀಗೆ ಒಂದು ಸಲ ತೆಗೆದು ಹಾಕಿದ ಮೇಲೆಯೇ ಅವಳಿಗೆ ಬೆಳಗಾಗುವುದು.

"ದಿನಕ್ಕೆ ಒಂದು ಲಕ್ಷ ಸಲ ಬಾಗಿಲು ತೆಗೀತಾಳೆ ನಮ್ಮ ಬಾಗಿಲಮ್ಮ" ಎನ್ನುತ್ತಾನೆ ಕಂಡಕ್ಟರಣ್ಣ. ಅವನ ಬಾಯಿಗೆ ಬ್ರೇಕಿಲ್ಲ ಎನ್ನುವುದು ಪ್ರಯಾಣಿಕರಿಗೆಲ್ಲ ಗೊತ್ತು.

"ಲಕ್ಷ ಇಲ್ಲ, ಐನೂರು ಇರಬೋದು" ಎಂದು ಅವಳು ತಿದ್ದುತ್ತಾಳೆ. "ಐದು ವರ್ಷ ಒಂದೂ ತೆಗೆದಿರಲಿಲ್ಲ. ಬಾಕಿ ತೀರಿಸ್ತಾ ಇದ್ದೀನಿ ಅಂದ್ಕೊಳ್ಳಿ."

ಆ ಐದು ವರ್ಷ ಅವಳು ಜೈಲಿನಲ್ಲಿದ್ದಳು. ಮುಚ್ಚುಮರೆ ಇಲ್ಲ. ಆಗ ಅವಳಿಗೊಂದು ಸಣ್ಣ ವ್ಯಾನಿತ್ತು, ತರಕಾರಿ ಸಾಗಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ವ್ಯಾನೇ ಮನೆ ನಡೆಸುತ್ತಿತ್ತು. ಒಂದು ದಿನ ತಮ್ಮ ಬಂದು ವ್ಯಾನಿಗೆ ಟಿವಿ, ಫ್ಯಾನು, ಹೊಲಿಗೆ ಮಿಷನ್ನು ತುಂಬಿದ. "ಅಕ್ಕಾ, ಹೊಳೆಯಾಚೆ ಬಿಟ್ಟು ಬಾ" ಎಂದ. ಬಿಟ್ಟು ಬಂದಳು. ಹೀಗೆ ನಾಲ್ಕು ಸಲ.

"ನನಗೇನೂ ಗೊತ್ತಿರಲಿಲ್ಲ ಅಂದ್ರೆ ಸುಳ್ಳಾಗುತ್ತೆ" ಎನ್ನುತ್ತಾಳೆ, ಗೇರ್ ಬದಲಿಸುತ್ತಾ. "ಯಾರ ಮನೇದು ಅಂತ ಕೇಳಲಿಲ್ಲ ಅಷ್ಟೇ. ಕೇಳಿದ್ರೆ ಅವನು ಹೇಳಿಬಿಡ್ತಿದ್ದ. ಅದಕ್ಕೇ ಕೇಳಲಿಲ್ಲ."

ಬಿಡುಗಡೆಯಾದ ಬೆಳಿಗ್ಗೆ ಅವಳ ಕೈಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಚೀಲ. ಜೈಲಿನ ಎತ್ತರದ ಗೋಡೆಯ ಪಕ್ಕದ ಸ್ಟಾಪಿನಲ್ಲಿ ನಿಂತು ಕೈ ಅಡ್ಡ ಹಿಡಿದಳು. ಬಸ್ಸು ನಿಲ್ಲಲಿಲ್ಲ. ಇನ್ನೊಂದು ಬಂತು, ಅದೂ ನಿಲ್ಲಲಿಲ್ಲ. ಆ ಸ್ಟಾಪಿನಲ್ಲಿ ಹತ್ತುವವರು ಯಾರೆಂದು ಡ್ರೈವರುಗಳಿಗೆ ಗೊತ್ತಲ್ಲ! ಕೊನೆಗೆ ಅಕ್ಕನ ಮನೆವರೆಗೆ ನಡೆದೇ ಹೋದಳು. ಚಪ್ಪಲಿ ಸವೆದು ಹಪ್ಪಳವಾಗಿತ್ತು.

ಅಕ್ಕನ ಮನೆಯಲ್ಲಿ ಬಾಗಿಲಮ್ಮನ ಮಗಳಿದ್ದಳು. ಬಿಟ್ಟು ಹೋದಾಗ ಲಂಗ ಹಾಕಿಕೊಂಡು ಕುಣಿಯುತ್ತಿದ್ದ ಹುಡುಗಿ ಈಗ ಅವಳಿಗಿಂತ ಒಂದು ತಲೆ ಎತ್ತರ. ಅಕ್ಕ ನೆರೆಹೊರೆಗೆಲ್ಲ "ನನ್ನ ತಂಗಿ ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಹೋಗಿದ್ದಾಳೆ" ಎಂದು ಹೇಳಿಟ್ಟಿದ್ದಳು. ಸಮುದ್ರ ಎಷ್ಟು ದೂರವೋ ದೇವರಿಗೇ ಗೊತ್ತು. ಮಗಳು ಅಮ್ಮನ ಮುಖ ನೋಡದೆ, ಗೋಡೆಯನ್ನು ನೋಡುತ್ತಾ ಒಂದೇ ಮಾತು ಹೇಳಿದಳು: "ನಿನಗೊಂದು ಕೆಲಸ ಸಿಗ್ಲಿ. ಆಮೇಲೆ ನಿನ್ನ ಜೊತೆ ಬರ್ತೀನಿ."

ಅಂದಿನಿಂದ ಕೆಲಸವೆಂದರೆ ಬಾಗಿಲಮ್ಮನಿಗೆ ಮಗಳೇ.

ಬಿಡುಗಡೆಯಾದವರಿಗೆ ಕೆಲಸ ಕಲಿಸುವ ತರಬೇತಿ ಕೇಂದ್ರವೊಂದು ಊರಾಚೆ ಇತ್ತು. ಹೆಂಗಸು ಎಂದು ಕಂಡದ್ದೇ ತಡ, ಹೊಲಿಗೆಗೆ ಹಾಕಿದರು. ಅವಳು ಮೊದಲ ವಾರ ಒಂದು ಅಂಗಿಯ ಎರಡೂ ತೋಳುಗಳ ಬಾಯಿ ಹೊಲಿದು ಮುಚ್ಚಿದಳು. ಎರಡನೇ ವಾರ ಕುತ್ತಿಗೆಯನ್ನೇ ಮುಚ್ಚಿದಳು. ಹೊಲಿಗೆ ಟೀಚರು ಅಂಗಿ ಎತ್ತಿ ಹಿಡಿದು, "ಇದರೊಳಗೆ ಹೋದೋರು ಹೊರಗೆ ಬರೋದು ಹೇಗಮ್ಮಾ?" ಎಂದರು. ಕೋಣೆಯಲ್ಲಿ ನಗು ನಿಲ್ಲಲು ಅರ್ಧ ದಿನ ಹಿಡಿಯಿತು.

ಕಿಟಕಿಯಾಚೆ ಮೀಸೆ ಮೇಷ್ಟ್ರು ಗಂಡಸರಿಗೆ ಬಸ್ ಓಡಿಸುವುದನ್ನು ಕಲಿಸುತ್ತಿದ್ದರು. ನಿವೃತ್ತ ಲಾರಿ ಡ್ರೈವರು, ಮೀಸೆಯಲ್ಲಿ ಗುಬ್ಬಿ ಗೂಡು ಕಟ್ಟಬಹುದು. ಅವಳು ಸೂಜಿ ಇಟ್ಟು ಎದ್ದುಹೋಗಿ ಅವರ ಮುಂದೆ ನಿಂತಳು. "ಮೇಷ್ಟ್ರೇ, ನಂಗೆ ಚಕ್ರ ಬರುತ್ತೆ, ಸೂಜಿ ಬರಲ್ಲ."

"ರಿವರ್ಸ್ ಬರುತ್ತಾ?"

"ಸಂತೆ ಗಲ್ಲೀಲಿ ವ್ಯಾನ್ ರಿವರ್ಸ್ ತಗೊಂಡೋಳು ನಾನು. ಒಂದು ಟೊಮೇಟೊ ಒಡೆದಿಲ್ಲ."

ಎರಡು ತಿಂಗಳಲ್ಲಿ ದೊಡ್ಡ ಗಾಡಿಯ ಲೈಸೆನ್ಸು ಕೈಗೆ ಬಂತು. ಕೆಲಸ ಬರಲಿಲ್ಲ. ಎಲ್ಲ ಕಡೆ ಒಂದೇ ಪ್ರಶ್ನೆ: ಆ ಐದು ವರ್ಷ ಎಲ್ಲಿದ್ರಿ? "ಹಡಗು ಅನ್ನು, ನಿನ್ನ ಗಂಟೇನು ಹೋಗುತ್ತೆ!" ಎಂದು ಅಕ್ಕ ಬಡಿದುಕೊಂಡಳು. ಅವಳು ಜೈಲು ಎಂದೇ ಹೇಳಿದಳು. ಎಲ್ಲರೂ ನಗುನಗುತ್ತಾ "ಹೇಳಿ ಕಳಿಸ್ತೀವಿ" ಎಂದರು. ಹಾಗೆ ಅಂದವರೆಲ್ಲ ನಿಜವಾಗಿ ಹೇಳಿ ಕಳಿಸಿದ್ದರೆ ಅಕ್ಕನ ಮನೆ ಮುಂದೆ ಮೈಲುದ್ದದ ಸಾಲು ನಿಲ್ಲುತ್ತಿತ್ತು.

ಕೊನೆಗೆ ಬಂದದ್ದು ಈ ಡಿಪೋಗೆ. ಯಜಮಾನಿ ಎಂದರೆ ಡ್ರೈವರುಗಳಿಗೆ ಚಳಿಜ್ವರ. ಕೆಮ್ಮಿದರೆ ಮೂರು ಇಂಜಿನ್ನುಗಳು ತಾವೇ ಸ್ಟಾರ್ಟ್ ಆಗುತ್ತವೆ ಎಂಬ ಪ್ರತೀತಿ.

"ಒಳಗಿದ್ದಾಗ ಏನು ಕಲಿತೆ?" ಯಜಮಾನಿ ಕೇಳಿದರು.

"ಬೇಗ ಏಳೋದು ಕಲಿತೆ, ಅಮ್ಮಾ."

"ಅದನ್ನ ನನ್ನ ಡ್ರೈವರುಗಳಿಗೆ ಕಲಿಸೋಕೆ ಹೋಗಿ ನನ್ನ ಕೂದಲು ಬೆಳ್ಳಗಾಯ್ತು. ನಾಳೆ ಮೊದಲ ಬಸ್ಸು ನಿಂದು. ಒಂದು ತಿಂಗಳು ನೋಡ್ತೀನಿ. ಸರಿ ಇದ್ರೆ ಇರ್ತೀಯ, ಇಲ್ಲಾಂದ್ರೆ ಬಂದ ದಾರಿ."

ಮರುದಿನ ಮೊದಲ ಬಸ್ಸು ಹೊರಡಲಿಲ್ಲ. ಸ್ಟಾಪುಗಳಲ್ಲಿ ಜನ ಬೈಯುತ್ತಾ ನಿಂತರು. ಎದ್ದುಬಿದ್ದು ಓಡಿಬಂದ ಕಂಡಕ್ಟರಣ್ಣ ನೋಡುತ್ತಾನೆ, ಹೊಸ ಡ್ರೈವರು ಡಿಪೋ ಗೇಟಿನ ಹೊರಗೆ ಎರಡೂ ಕೈ ಕಟ್ಟಿಕೊಂಡು, ಗೋಡೆಯ ಪಕ್ಕ ನೆಟ್ಟ ಕಂಬದಂತೆ ನಿಂತಿದ್ದಾಳೆ. ಬಂದು ಎಷ್ಟೋ ಹೊತ್ತಾಗಿದೆ. ಗೇಟಿಗೆ ಬೀಗವೂ ಇಲ್ಲ, ಚಿಲಕವೂ ಇಲ್ಲ.

"ಒಳಗೆ ಹೋಗೋಕೇನು ಮುಹೂರ್ತ ಇಡಿಸಬೇಕಿತ್ತಾ? ತಳ್ಳಿದ್ರೆ ತೆರೆಯುತ್ತೆ!" ಎಂದು ಅವನು ರೇಗಿದ. ಅಷ್ಟರಲ್ಲಿ ಯಜಮಾನಿಯೂ ಬಂದರು. ಕೆಮ್ಮಲಿಲ್ಲ, ಅದು ಇನ್ನೂ ಭಯಂಕರ.

ಅವಳು ತಲೆ ತಗ್ಗಿಸಿದಳು. "ತೆಗೀತಾರೆ ಅಂತ ನಿಂತೆ."

"ಯಾರು?"

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ಐದು ವರ್ಷ ಯಾವ ಬಾಗಿಲ ಮುಂದೆ ಹೋದರೂ ನಿಲ್ಲಬೇಕು, ಇನ್ನೊಬ್ಬರು ಬಂದು ತೆಗೆಯಬೇಕು, ಆಮೇಲೆ ಕಾಲಿಡಬೇಕು. ಕೈಗೆ ಅಭ್ಯಾಸ ತಪ್ಪಿತ್ತು. ಅಕ್ಕನ ಮನೆಯಲ್ಲಿ ಸ್ನಾನದ ಕೋಣೆಯ ಮುಂದೆಯೂ ಸೋಪು ಹಿಡಿದು ನಿಂತುಬಿಡುತ್ತಿದ್ದಳು. ಅಲ್ಲಿ ಯಾರಾದರೂ ಬೈದು ಒಳಗೆ ನೂಕುತ್ತಿದ್ದರು. ಇಲ್ಲಿ ನೂಕುವವರಿರಲಿಲ್ಲ. ಬಂದ ದಾರಿ ಎದುರಿಗೇ ಕಾಣುತ್ತಿತ್ತು, ಅದರ ತುದಿಯಲ್ಲಿ ಗೋಡೆ ನೋಡುತ್ತಾ ನಿಂತ ಮಗಳೂ.

ಯಜಮಾನಿ ಅವಳನ್ನು ನೋಡಿದರು, ಗೇಟನ್ನು ನೋಡಿದರು. ಕಂಡಕ್ಟರಣ್ಣನ ಸೊಂಟದಿಂದ ಡಿಪೋದ ಬೀಗದ ಕೈಗೊಂಚಲು ಕಿತ್ತು ಅವಳ ಕೈಗಿಟ್ಟರು. "ನಾಳೆಯಿಂದ ರಾತ್ರಿ ಬೀಗ ಹಾಕಿಸ್ತೀನಿ. ಬೀಗದ ಕೈ ನಿನ್ನ ಹತ್ರ ಇರುತ್ತೆ. ನೀನು ತೆಗೀಲಿಲ್ಲಾಂದ್ರೆ ಯಾರೂ ತೆಗೆಯಲ್ಲ. ಊರಿಗೆ ಬಸ್ಸಿಲ್ಲ."

"ಅಮ್ಮಾವ್ರೇ! ಜೈಲಿಂದ ಬಂದೋಳ ಕೈಗೆ ಬೀಗದ ಕೈಯಾ?" ಕಂಡಕ್ಟರಣ್ಣನ ಹುಬ್ಬು ಹಣೆಗೇರಿತು.

"ಜೈಲಿಗೆ ಹೋಗದ ನಿನ್ನ ಕೈಗೆ ಕೊಟ್ಟಿದ್ದೆನಲ್ಲ. ಎರಡು ಸಲ ಕಳೆದೆ, ಅದಕ್ಕೇ ಗೇಟಿಗೆ ಬೀಗ ಹಾಕೋದೇ ಬಿಟ್ಟಿದ್ದು. ಒಂದು ಸಲ ನಿನ್ನ ಊಟದ ಡಬ್ಬೀಲೇ ಸಿಕ್ತು."

ಆ ಕ್ಷಣದಲ್ಲೇ ಬಾಗಿಲಮ್ಮ ಎಂಬ ಹೆಸರು ಹುಟ್ಟಿತು. ಇಟ್ಟವನು ಕಂಡಕ್ಟರಣ್ಣನೇ, ಅಣಕಿಸಲೆಂದು. ಮರುದಿನ ಅವಳು ಸೋಲುವುದನ್ನು ನೋಡಲು ಅವನು ಹುಟ್ಟಿದಂದಿನಿಂದ ಮೊದಲ ಬಾರಿಗೆ ಬೇಗ ಎದ್ದು ಬಂದು ಟೀ ಅಂಗಡಿಯ ಮರೆಯಲ್ಲಿ ಕೂತ. ಅವಳು ಬಂದಳು. ಬೀಗ ತೆಗೆದಳು. ಮತ್ತೆ ಕೈ ಕಟ್ಟಿ ನಿಂತಳು. ಕಂಡಕ್ಟರಣ್ಣನ ಟೀ ಆರಿತು. ಆಮೇಲೆ ಅವಳು ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದು, ಹಟಮಾರಿ ಮಗುವನ್ನು ಶಾಲೆಗೆ ಎಳೆದ ಹಾಗೆ ಎಳೆದು, ಗೇಟಿನ ಮೇಲಿಟ್ಟು ತಳ್ಳಿದಳು.

"ಆ ಗೇಟು ಅವತ್ತು ಕೂಗಿದ ಕೂಗಿಗೆ ನನ್ನ ಲೋಟ ಕೈ ಜಾರ್ತು" ಎಂದು ಈಗ ಅವನು ಹೇಳುತ್ತಾನೆ. "ಅಣಕಿಸೋಕೆ ಬಂದೋನು ಚಪ್ಪಾಳೆ ಹೊಡೆದುಬಿಟ್ಟೆ. ನಾಚಿಕೆ ಆಯ್ತು. ಆದ್ರೂ ಹೊಡೆದೆ."

ತಿಂಗಳು ತುಂಬಿದ ದಿನ ಯಜಮಾನಿ ಎರಡೇ ಮಾತು ಹೇಳಿದರು: "ಇರು ನೀನು." ಮರುದಿನದ ಮೊದಲ ಬಸ್ಸು ಅಕ್ಕನ ಬೀದಿಯ ಸ್ಟಾಪಿಗೆ ಬಂದಾಗ ಅಲ್ಲಿ ಮಗಳು ಟ್ರಂಕು ಹಿಡಿದು ನಿಂತಿದ್ದಳು. ಪುಸ್ ಎಂದು ಬಾಗಿಲು ತೆರೆಯಿತು. ಬಸ್ಸಿನಲ್ಲಿ ಅಕ್ಕನ ನೆರೆಹೊರೆಯವರೇ ಅರ್ಧ ಜನ, ಹಡಗಿನ ಕಥೆ ನಂಬಿದವರು. ಮಗಳು ಮೆಟ್ಟಿಲು ಹತ್ತಿ, ಕೊನೆಯ ಸೀಟಿಗೂ ಕೇಳುವ ಹಾಗೆ ಅಂದಳು, "ಅಮ್ಮಾ, ಟ್ರಂಕಿಗೂ ಟಿಕೆಟ್ ತಗೋಬೇಕಾ?"

"ಅಮ್ಮನ ಬಸ್ಸಾದ್ರೇನು, ಅಪ್ಪನ ಬಸ್ಸಾದ್ರೇನು, ಟಿಕೆಟ್ ಟಿಕೆಟ್ಟೇ" ಎಂದು ಕಂಡಕ್ಟರಣ್ಣ ಮುಂದೆ ಬಂದ. ಬಾಗಿಲಮ್ಮ ಹಾರ್ನ್ ಹೊಡೆದಳು. ಒಂದು ಸಲ ಅಲ್ಲ, ಮುಂದಿನ ಸ್ಟಾಪು ಬರುವವರೆಗೂ ಹೊಡೆದಳು.

ಈಗ ತಾಯಿ ಮಗಳು ಡಿಪೋ ಹಿಂದಿನ ಒಂದು ಕೋಣೆಯ ಮನೆಯಲ್ಲಿದ್ದಾರೆ. "ಮನೇಲಿ ಒಂದು ಬಾಗಿಲೂ ಹಾಕೋಕೆ ಬಿಡಲ್ಲ ಇವಳು" ಎಂದು ಮಗಳು ದೂರುತ್ತಾಳೆ. "ಬೀರು ಬಾಗಿಲೂ ಸೇರಿ. ಬೆಕ್ಕು ನನ್ನ ಬಟ್ಟೆ ಮೇಲೇ ಮಲಗುತ್ತೆ."

ಬೆಳಕು ಹರಿಯುವ ಹೊತ್ತಿಗೆ ಮೊದಲ ಬಸ್ಸು ಜೈಲಿನ ಗೋಡೆಯ ಸ್ಟಾಪಿಗೆ ಬರುತ್ತದೆ. ಹತ್ತುವವರಿರಲಿ, ಇಲ್ಲದಿರಲಿ, ಬಾಗಿಲಮ್ಮ ನಿಲ್ಲಿಸುತ್ತಾಳೆ, ಬಾಗಿಲು ತೆಗೆಯುತ್ತಾಳೆ. ಹೆಚ್ಚಿನ ದಿನ ಗಾಳಿ ಮಾತ್ರ ಹತ್ತುತ್ತದೆ. ಇವತ್ತು ಅಲ್ಲೊಬ್ಬ ಹೆಂಗಸು ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದಾಳೆ. ಬಾಗಿಲು ತೆರೆದಿದೆ, ಆದರೂ ಹತ್ತುತ್ತಿಲ್ಲ. ಕೈ ಕಟ್ಟಿಕೊಂಡಿದ್ದಾಳೆ.

"ಬಾಗಿಲಮ್ಮಾ, ಹೊತ್ತಾಯ್ತು" ಎನ್ನುತ್ತಾನೆ ಕಂಡಕ್ಟರಣ್ಣ. ಆದರೆ ರೈಟ್ ಎನ್ನುವುದಿಲ್ಲ, ಸೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ.

ಅವಳು ಇಂಜಿನ್ ಆರಿಸಿ ಸೀಟಿನಿಂದಲೇ ಬಗ್ಗುತ್ತಾಳೆ. "ತೆಗೆದೇ ಇದೆ ಕಣವ್ವಾ. ಆತುರ ಇಲ್ಲ. ನಿಧಾನಕ್ಕೆ ಹತ್ತು."