ಬಜೆಕಲ್ಲಿನ ಮೇಲೆ ಅರೆದ ಮಾತ್ರೆ

ಮೂವತ್ತೆರಡನೆಯ ವಯಸ್ಸಿನಲ್ಲಿ ನಾನು ಕೂಸಿಗೆ ಹಾಲು ಹಾಕುವ ಒಳಲೆಯಲ್ಲಿ ಔಷಧಿ ಕುಡಿಯುತ್ತಿದ್ದೆ. ನಗಬೇಡಿ. ಮಾತ್ರೆಯನ್ನು ನನ್ನ ಕೈಗೆ ಕೊಟ್ಟರೆ ಅದು ಬಾಯಿಗೆ ಹೋಗುವ ಖಾತ್ರಿ ಇರಲಿಲ್ಲ, ಆದ್ದರಿಂದ ಅಮ್ಮನೇ ಕುಡಿಸುತ್ತಿದ್ದಳು. ಗಮನ ನಿಲ್ಲದ ಈ ತೊಂದರೆಗೆ ಎಡಿಎಚ್‌ಡಿ ಎನ್ನುತ್ತಾರೆ ಎಂದು ಬಳ್ಳಾರಿಯ ಡಾಕ್ಟರು ಹೇಳುವವರೆಗೆ ನಾನು ಬರೀ ಬೇಜವಾಬ್ದಾರಿ ಹೆಣ್ಣು ಎಂದೇ ಹೆಸರಾಗಿದ್ದೆ.

ಮೊದಲಿನದು ಸಣ್ಣ ಬಿಳಿ ಮಾತ್ರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಕುರುಗೋಡಿನ ಶಾಲೆಯಲ್ಲಿ ಗಣಿತ ಹೇಳುತ್ತಿದ್ದಾಗ ಹೇಗೋ ನಡೆದಿತ್ತು. ಸಿರುಗುಪ್ಪಕ್ಕೆ ವರ್ಗವಾದ ಮೇಲೆ ಕೆಟ್ಟಿತು. ಬಳ್ಳಾರಿಯ ಪಾರ್ವತಿನಗರದ ಮನೆಯಿಂದ ಬೇಗ ಹೊರಟು, ಅದಿರು ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ಬಸ್ಸಿನಲ್ಲಿ ಹೋಗಬೇಕು. ಮಧ್ಯಾಹ್ನದ ಮಾತ್ರೆ ಪರ್ಸಿನಲ್ಲೇ ಉಳಿಯತೊಡಗಿತು. ಒಂದು ದಿನ ಉತ್ತರಪತ್ರಿಕೆಗಳ ಕಟ್ಟನ್ನೇ ಬಸ್ಸಿನಲ್ಲಿ ಬಿಟ್ಟು ಇಳಿದೆ.

"ಇನ್ನೊಮ್ಮೆ ಹಿಂಗಾದ್ರ ನಾ ಮ್ಯಾಲ ಬರೀಬೇಕಾಕೈತಿ ನೋಡ್ರಿ ಟೀಚರ್," ಎಂದರು ಹೆಡ್‌ಮಾಸ್ತರರು.

ಹೆದರಿ ಡಾಕ್ಟರ ಹತ್ತಿರ ಓಡಿದೆ. ಅವರು ಔಷಧಿ ಬದಲಿಸಿದರು. ಬೆಳಿಗ್ಗೆ ಒಂದೇ ಕ್ಯಾಪ್ಸೂಲು, ಸಂಜೆಯವರೆಗೆ ಚಿಂತೆಯಿಲ್ಲ.

ಅದನ್ನು ತರಲು ಹೋದವಳು ಅಮ್ಮ. ಔಷಧಿ ಅಂಗಡಿಯ ಸಾಹೇಬರು ನಮ್ಮ ಮನೆಯ ಮಡಿ, ಏಕಾದಶಿ ಎಲ್ಲ ಬಲ್ಲವರು. ಸುಮ್ಮನೆ ಕೊಟ್ಟು ಕಳಿಸಲು ಅವರ ಮನಸ್ಸು ಒಪ್ಪಲಿಲ್ಲ.

"ಅಮ್ಮಾರ, ಇದರ ಮ್ಯಾಗಿನ ಸಿಪ್ಪಿ ಪ್ರಾಣಿ ಎಲುಬಿಂದ ಮಾಡಿದ್ದೈತ್ರಿ. ಹೇಳಲಾರದ ಕೊಟ್ರ ನನಗ ತಪ್ಪಾಕೈತಿ."

ಅಮ್ಮ ಆ ಪೊಟ್ಟಣವನ್ನು ಸೆರಗಿಗೂ ತಾಗಿಸದೆ ಮನೆಗೆ ತಂದಳು. "ಬಿಚ್ಚಿ ಒಳಗಿಂದಷ್ಟ ಕೊಟ್ರ ನಡೀತದೇನ? ಡಾಕ್ಟರು ಏನಂದ್ರು?" ಎಂದು ಕೇಳಿದಳು.

ನಾನು ಮಂಚದ ಕೆಳಗೆ ಚಪ್ಪಲಿ ಹುಡುಕುತ್ತಿದ್ದೆ. "ಹೂಂ, ಹೆಂಗ ತಗೊಂಡ್ರೂ ನಡೀತದಂತ," ಎಂದೆ.

ಮರುದಿನದಿಂದ ಶುರುವಾಯಿತು. ಕೂಸಾಗಿದ್ದಾಗ ನನಗೆ ಬಜೆ ತೇಯ್ದ ಅದೇ ಪುಟ್ಟ ಕಲ್ಲಿನ ಮೇಲೆ ಅಮ್ಮ ನನ್ನಿಂದ ಬಿಚ್ಚಿಸಿದ ಕ್ಯಾಪ್ಸೂಲಿನ ಕಾಳುಗಳನ್ನು ಸುರಿದು, ಬೆಳ್ಳಿ ಒಳಲೆಯ ಬುಡದಿಂದ ನುಣ್ಣಗೆ ಅರೆದು, ಜೇನಿನಲ್ಲಿ ಕಲೆಸಿ ಕುಡಿಸಿದಳು. ಸಿಪ್ಪೆಯನ್ನು ಕಡ್ಡಿಯಿಂದ ತಳ್ಳಿ ಹೊರಗೆ ಎಸೆದಳು.

ಬಸ್ಸು ಊರು ದಾಟುವ ಹೊತ್ತಿಗೆ ಎದೆ ಡವಡವ. ಎರಡು ದಿನದ ಪಾಠವನ್ನು ಒಂದೇ ಪೀರಿಯಡ್ಡಿನಲ್ಲಿ ಮುಗಿಸಿದೆ. ನಾಲಿಗೆ ಒಣಗಿತ್ತು, ಕೈಯಲ್ಲಿ ಸೀಮೆಸುಣ್ಣ ಮುರಿಯುತ್ತಿತ್ತು, ಮಕ್ಕಳು ಬರೆಯುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಮಧ್ಯಾಹ್ನವಾಗುತ್ತಲೇ ಎಲ್ಲ ಕುಸಿಯಿತು. ಪೆನ್ನಿನ ಮುಚ್ಚಳ ಕಳೆದದ್ದಕ್ಕೆ ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಹೊಸ ಔಷಧಿ, ಒಗ್ಗಲು ಹೊತ್ತು ಬೇಕು ಎಂದುಕೊಂಡು ಹನ್ನೆರಡು ದಿನ ಹೀಗೆಯೇ ನೂಕಿದೆ.

ಹನ್ನೆರಡನೆಯ ದಿನ ಸಂಜೆ ಬಳ್ಳಾರಿಯಲ್ಲಿ ಬಸ್ಸಿಳಿದು ರಸ್ತೆ ದಾಟಿದೆ. ದಾಟುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬ್ರೇಕಿನ ಕಿರುಚು ಕೇಳಿ ತಲೆಯೆತ್ತಿದರೆ ಲಾರಿಯ ಮೂತಿ ಒಂದು ಮೊಳ ದೂರದಲ್ಲಿತ್ತು. ಮೇಲಿನಿಂದ ಅದಿರಿನ ಹೆಂಟೆಗಳು ಉರುಳಿ ನನ್ನ ಪಾದದ ಮೇಲೆ ಬಿದ್ದವು.

"ಚಾವಡಾನಿಕಿ ನಾ ಲಾರೀನೇ ದೊರಿಕಿಂದಾಮ್ಮಾ?" ಎಂದು ಡ್ರೈವರ್ ತೆಲುಗಿನಲ್ಲಿ ಅರಚಿದ. ಸಾಯಲು ತನ್ನ ಲಾರಿಯೇ ಸಿಕ್ಕಿತೇ ಎಂದು ಅವನ ಪ್ರಶ್ನೆ. ಕೆಂಪಾದ ಕಾಲಿನಲ್ಲೇ ಮನೆಗೆ ಬಂದು, ಇನ್ನು ಈ ಔಷಧಿ ಬೇಡವೇ ಬೇಡ, ಕೆಲಸ ಹೋದರೂ ಹೋಗಲಿ ಎಂದೆ. ಅಮ್ಮ ಮರುದಿನ ನನ್ನ ರಟ್ಟೆ ಹಿಡಿದು ಡಾಕ್ಟರ ಮುಂದೆ ಕೂರಿಸಿದಳು.

"ಹೇಗೆ ತಗೋತಿದ್ದಾರೆ?" ಎಂದು ಡಾಕ್ಟರು ಕೇಳಿದರು.

"ನಾನ ಅರೆದು ಕೊಡ್ತೀನ್ರಿ. ಒಂದು ತರಿ ಸೈತ ಇರೂದಿಲ್ಲ," ಎಂದಳು ಅಮ್ಮ, ಹೆಮ್ಮೆಯಿಂದ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಯ್ಯೋ ಅಮ್ಮಾ, ಆ ಕಾಳು ನಿಧಾನವಾಗಿ ಕರಗಬೇಕು. ಅರೆದರೆ ಇಡೀ ದಿನದ್ದು ಒಮ್ಮೆಗೇ ರಕ್ತಕ್ಕೆ ಹೋಗುತ್ತೆ. ಹಾಗೇ ನುಂಗಬೇಕು, ಬಿಚ್ಚಬಾರದು ಅಂತ ಮಗಳಿಗೆ ಎರಡೆರಡು ಸಲ ಹೇಳಿದ್ದೆನಲ್ಲ. ಅವರೂ ಹೂಂ ಅಂತ ತಲೆ ಆಡಿಸಿದರು."

ಔಷಧಿ ಬದಲಿಸಿದ ಆ ದಿನದ ಬಗ್ಗೆ ನನಗೆ ನೆನಪಿದ್ದದ್ದು ಒಂದೇ: ಡಾಕ್ಟರ ಹಿಂದಿನ ಗೋಡೆಯ ಮೇಲೊಂದು ಬಾಲವಿಲ್ಲದ ಹಲ್ಲಿ. ಅದು ಟ್ಯೂಬ್‌ಲೈಟಿನ ತನಕ ಹೋಗುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ. ಅವರ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಬೀಳದ ಮಾತಿನ ಜಾಗದಲ್ಲಿ ನಾನು ಸಲೀಸಾಗಿ ಒಂದು ಸುಳ್ಳನ್ನು ಇಟ್ಟಿದ್ದೆ, ಅದನ್ನು ನಂಬಿ ಅಮ್ಮ ದಿನಾ ಅರೆದಿದ್ದಳು. ಅವಳು ನುಣ್ಣಗೆ ಅರೆದಷ್ಟೂ ನನಗೆ ಕೇಡಾಗಿತ್ತು.

ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು. ನಾನು ನೆಲ ನೋಡಿದೆ.

"ತಪ್ಪು ನಂದರಿ," ಎಂದಳು ಡಾಕ್ಟರಿಗೆ. "ಅಕಿ ಹೇಳಿದ್ಲು. ನಾನ ಮರ್ತೆ."

ಒಂದು ತಿಥಿಯನ್ನೂ ಮರೆಯದ ಹೆಂಗಸು ಹಾಗೆಂದಳು. ನಾನು ಬಾಯಿ ಬಿಡಲಿಲ್ಲ. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಮರುದಿನ ಬೆಳಿಗ್ಗೆ ಬಜೆಕಲ್ಲು ತೊಳೆದು ಗೋಡೆಗೆ ಒರಗಿಸಿತ್ತು. ಕ್ಯಾಪ್ಸೂಲು ಮುಟ್ಟಿದ ಮೇಲೆ ಮಾಡಿದರಾಯಿತೆಂದು ಅಮ್ಮ ಸ್ನಾನವಿನ್ನೂ ಮಾಡಿರಲಿಲ್ಲ. ಇಡೀ ಕ್ಯಾಪ್ಸೂಲನ್ನು ತನ್ನ ಅಂಗೈಯಲ್ಲೇ ಇಟ್ಟುಕೊಂಡು ಬಂದು ನನ್ನ ಮುಂದೆ ಹಿಡಿದಳು.

"ನುಂಗು. ಪಾಪ ಏನಿದ್ರೂ ನನಗಿರಲಿ."

"ಅಮ್ಮ, ಡಾಕ್ಟರು ಹೇಳಿದ್ದು ನಾ ಕೇಳಿಸ್ಕೊಂಡಿರಲಿಲ್ಲ. ನಿನಗ ಸುಳ್ಳು ಹೇಳಿದ್ದೆ."

"ಗೊತ್ತದ," ಎಂದಳು, ನೀರಿನ ಲೋಟ ನನ್ನ ಕೈಗಿಡುತ್ತ. "ಮೊದಲು ನುಂಗು. ಬಸ್ ತಪ್ತದ."