ಪಣಂಬೂರು ದಾಟಿದ ಕಂಡಕ್ಟರ್

ನನ್ನ ನೆನಪಿನಲ್ಲಿ ಆ ಸಿಟಿ ಬಸ್ ಕಂಡಕ್ಟರ್ ಖಾಕಿ ಅಂಗಿ ತೊಟ್ಟೇ ವ್ಯಾಯಾಮ ಮಾಡುತ್ತಾರೆ. ಹಾಗಿದ್ದಿರಲಾರದು, ಅಂಗಿ ನಾನು ಆಮೇಲೆ ತೊಡಿಸಿದ್ದು. ಕೊಟ್ಟಾರದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ನಾನು ಭುಜದ ನೋವಿಗೆ ಹೋಗುತ್ತಿದ್ದೆ, ಅವರು ಪಾದದ ಗಂಟಿನ ನೋವಿಗೆ. ಬಸ್ ನಿಲ್ಲುವ ಮೊದಲೇ ಜಿಗಿದಿಳಿಯುವುದು ನಮ್ಮ ಕಂಡಕ್ಟರುಗಳ ರೂಢಿ. ಪಣಂಬೂರಿನಲ್ಲಿ ಹಾಗೆ ಜಿಗಿದಾಗ ಅವರ ಲಿಗಮೆಂಟ್ ಹರಿದಿತ್ತು. ಈಗ ಅವರ ಬಸ್ಸಿನಲ್ಲಿ ಬೇರೊಬ್ಬ ವಿಸಿಲ್ ಊದುತ್ತಿದ್ದ. ಕಾಲು ಗಟ್ಟಿಯಾಗದಿದ್ದರೆ ಕೆಲಸ ಅವನಿಗೇ.

ವ್ಯಾಯಾಮ ಶುರುವಾಗುವಾಗ ಅವರು ಪಾದಕ್ಕೆ, ಬಸ್ ಹೊರಡಿಸುವಂತೆ, "ರೈಟ್, ಪೋಯಿ" ಎನ್ನುತ್ತಿದ್ದರು. ಪಾದ ಹೊರಡುತ್ತಿರಲಿಲ್ಲ. ನಾಲ್ಕನೆಯ ತಿಂಗಳಲ್ಲೂ ಒಂಟಿಕಾಲಲ್ಲಿ ನಿಂತವರು ಹತ್ತು ಎಣಿಸುವುದರೊಳಗೆ ಗೋಡೆ ಹಿಡಿದರು.

"ಎಂತ ಮಾರಾಯ್ರೆ, ಬಸ್ಸಲ್ಲಿ ಹೇಗೆ ನಿಲ್ತಿದ್ರಿ?" ಎಂದು ಫಿಸಿಯೋ ಮೇಡಂ ಕೆಣಕಿದರು.

"ಬಸ್ಸು ಅಲ್ಲಾಡ್ತದೆ ಮೇಡಂ. ನಿಮ್ಮ ನೆಲ ಸುಮ್ಮನೆ ಉಂಟು, ಅದಕ್ಕೇ ಬೀಳ್ತೇನೆ."

ಮೇಡಂ ಅಲುಗಾಡುವ ಹಲಗೆಯೊಂದನ್ನು ತಂದಿಟ್ಟರು. ಅದರ ಮೇಲೆ ನಿಂತ ಕಂಡಕ್ಟರ್ ಅಂಕಿ ಎಣಿಸಲಿಲ್ಲ, ತಮ್ಮ ದಾರಿಯ ಸ್ಟಾಪುಗಳನ್ನು ಕೂಗಿದರು. ಮೊದಲ ದಿನ ಹಂಪನಕಟ್ಟೆಯಲ್ಲೇ ಬಿದ್ದರು. ವಾರಗಳ ಮೇಲೆ ಲಾಲ್‌ಬಾಗ್ ಬಂತು, ಆಮೇಲೆ ಕೊಟ್ಟಾರ, ಕೂಳೂರು. ಒಂದು ಬೆಳಿಗ್ಗೆ "ಪಣಂಬೂರು" ಎಂದವರು ಒಂದು ಕ್ಷಣ ತಡೆದರು. ಹಲಗೆ ಓಲಾಡಿತು, ಕಾಲು ನಿಂತಿತು. "ಬೈಕಂಪಾಡಿ! ಸುರತ್ಕಲ್!"

"ನಿಲ್ಸಿ ಮಾರಾಯ್ರೆ, ನನಗೆ ಇಳಿಲಿಕ್ಕುಂಟು!" ಎಂದು ಬೆಂಚಿನಲ್ಲಿದ್ದ ಅಜ್ಜಿ ಕೂಗಿದರು. ಮೇಲೇಳದ ನನ್ನ ಬಲಗೈಯೂ ಚಪ್ಪಾಳೆಗೆ ಎದ್ದಿತ್ತು ಎನ್ನುತ್ತದೆ ನೆನಪು, ನಂಬುವುದು ಕಷ್ಟ.

ಮುಂದಿನ ತಿಂಗಳು ಕೊಟ್ಟಾರದಲ್ಲಿ ಒಂದು ಬಸ್ ಪೂರ್ತಿ ನಿಂತಿತು. ಆಮೇಲಷ್ಟೇ ನಮ್ಮ ಕಂಡಕ್ಟರ್ ಆ ಪಾದವನ್ನೇ ಮೊದಲು ಊರಿ ಇಳಿದು ವಿಸಿಲ್ ಊದಿದರು. ಖಾಕಿ ಅಂಗಿ ಈ ಸಲ ನಿಜವಾಗಿತ್ತು.